ಖಾಲಿ ಡಬ್ಬಿಯ ತೂಕ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಲವಂಗ ಹಾಕಿಡುತ್ತಿದ್ದ ಡಬ್ಬಿಯೊಂದಿದೆ. ಬಿಳಿ ಪ್ಲಾಸ್ಟಿಕ್ಕಿನದು, ತಿರುಗಿಸಿ ಮುಚ್ಚುವ ಮುಚ್ಚಳದ್ದು, ಮುಷ್ಟಿಯೊಳಗೆ ಹಿಡಿಸುವಷ್ಟು. ಕಳೆದ ಬೇಸಿಗೆಯಲ್ಲಿ, ಅಫಜಲಪುರದ ಈ ಮನೆಯ ಗೋಡೆಗಳೂ ಕಾದು ಮುಟ್ಟಲಾರದಂತಾಗಿದ್ದ ಒಂದು ಮಧ್ಯಾಹ್ನ, ಚಹಾಕ್ಕೆ ಹಾಕೋಣವೆಂದು ಅದರ ಮುಚ್ಚಳ ತೆಗೆದೆ. ಮೊದಲು ಲವಂಗದ ವಾಸನೆ ಬಂತು. ಅದರ ಬೆನ್ನಿಗೆ ಇನ್ನೊಂದು. ಬೇವಿನೆಣ್ಣೆಯಂಥದು, ಆದರೆ ಬೇವಲ್ಲ. ಮೇಣ ಕಾಯಿಸಿದಾಗ ಬರುವಂಥದು, ಆದರೆ ಅದೂ ಅಲ್ಲ... ಆ ಪ್ಲಾಸ್ಟಿಕ್ಕು ಇಷ್ಟು ವರ್ಷ ಅದನ್ನು ತನ್ನ ಮೈಯಲ್ಲಿ ಅಡಗಿಸಿಟ್ಟುಕೊಂಡಿತ್ತು.

ಡಬ್ಬಿಯನ್ನು ತಿರುಗಿಸಿ ನೋಡಿದೆ. ತಳದಲ್ಲಿ ಚೀಟಿ ಅಂಟಿಸಿದ್ದ ಗುರುತು, ಅದರ ಮೇಲೆ ಅರ್ಧ ಅಳಿಸಿದ ಅಂಕಿ. ಒಂದೋ, ಏಳೋ. ಬರೆದವನು ನಾನೇ ಆದರೂ ಓದಲಾಗಲಿಲ್ಲ.

ಈ ಡಬ್ಬಿ ಎಲ್ಲಿಂದ ಬಂತೆಂದು ಹೆಂಡತಿ ಕೇಳಿದಾಗಲೆಲ್ಲ ‘ಯಾರೋ ಕೊಟ್ಟದ್ದು’ ಎನ್ನುತ್ತ ಬಂದಿದ್ದೇನೆ. ಕೊಟ್ಟವರು ಇಜೇರಿಯ ನರ್ಸಬಾಯಿ. ಊರಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಸರು ಆಗ ನಾನು ಲೆಕ್ಕ ಬರೆಯುತ್ತಿದ್ದ ದಫ್ತರಿನಲ್ಲಿ ಪ್ರತಿ ಪುಟದ ಕೆಳಗೆ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರ ಬಗ್ಗೆ ನಾನು ಒಮ್ಮೆ ಬರೆದದ್ದೇ ಸಾಕು.

ಹದಿನಾಲ್ಕು ವರ್ಷದ ಹಿಂದೆ, ಅಥವಾ ಹದಿನೈದು. ನಾನು ನರೋಣಾದವನು. ಆಳಂದದಲ್ಲಿ ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ಜೇವರ್ಗಿಯಲ್ಲಿ ಒಂದು ನೌಕರಿ ಸಿಕ್ಕಿತು. ದೂರದ ಶಹರದ ಪ್ರಯೋಗಾಲಯವೊಂದು ಆನೆಕಾಲಿನವರಿಗಾಗಿ ಒಂದು ಮುಲಾಮು ಮಾಡಿತ್ತು. ಅದು ಊದಿದ ಕಾಲನ್ನು ಇಳಿಸುವುದಿಲ್ಲ. ಇಳಿಸುತ್ತದೆಂದು ಅವರೂ ಹೇಳಿರಲಿಲ್ಲ. ಊದಿದ ಕಾಲಿನ ಬೆರಳ ಸಂದಿಯಲ್ಲಿ ಚರ್ಮ ಒಡೆಯುತ್ತದೆ, ಅಲ್ಲಿಂದ ಕ್ರಿಮಿ ಒಳಹೊಕ್ಕು ಜ್ವರ ಬರುತ್ತದೆ, ಜ್ವರ ಬಂದು ಹೋದಾಗಲೆಲ್ಲ ಕಾಲು ಇನ್ನಷ್ಟು ದಪ್ಪವಾಗುತ್ತದೆ. ಆ ಒಡಕು ಮಾಯ್ದರೆ ಜ್ವರ ನಿಂತೀತು ಎಂಬುದು ಅವರ ವಿಚಾರ. ಗಾಜಿನ ತಟ್ಟೆಗಳಲ್ಲಿ ಮುಲಾಮು ಗೆದ್ದಿತ್ತು. ಇನ್ನು ಮನುಷ್ಯರ ಕಾಲಿನ ಮೇಲೆ ಗೆಲ್ಲಬೇಕಿತ್ತು. ಅಲ್ಲಿಯೂ ಗೆದ್ದರೆ ಒಂದಲ್ಲ ಒಂದು ದಿನ ಸರಕಾರಿ ದವಾಖಾನೆಯ ಕಿಟಕಿಯಲ್ಲಿ ಕೇಳಿದವರಿಗೆಲ್ಲ ಸಿಗುತ್ತಿತ್ತು. ಆ ಪರೀಕ್ಷೆಗೆ ಆರಿಸಿದ ಕೆಲವು ಊರುಗಳಲ್ಲಿ ಇಜೇರಿ ಒಂದು. ಅತಿ ಹೆಚ್ಚು ಕಾಲುಗಳು ಇದ್ದದ್ದೂ ಅಲ್ಲಿಯೇ.

ಕ್ರಮ ಸರಳವಿತ್ತು. ತಿಂಗಳ ಮೊದಲಿಗೆ ಪ್ರತಿಯೊಬ್ಬರಿಗೆ ಒಂದು ತುಂಬಿದ ಡಬ್ಬಿ. ತಿಂಗಳ ಕೊನೆಗೆ ಹಳೆಯ ಡಬ್ಬಿ ವಾಪಸು. ಅರ್ಧ ಡಬ್ಬಿಗಳಲ್ಲಿ ನಿಜವಾದ ಮುಲಾಮು, ಅರ್ಧದಲ್ಲಿ ಅದರಂತೆಯೇ ಕಾಣುವ, ಅದರಂತೆಯೇ ನಾರುವ ಬರಿಯ ಮೇಣ. ಯಾವುದು ಯಾವುದೆಂದು ಊರಿನವರಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಆ ಪಟ್ಟಿ ಶಹರದಲ್ಲಿ ಬೀಗದೊಳಗೆ ಇತ್ತು. ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಕೋಣೆಯಲ್ಲಿ ಕೂತು, ಅಕ್ಕಸಾಲಿಗರ ಅಂಗಡಿಯಲ್ಲಿ ಇರುವಂಥ ಚಿಕ್ಕ ತಕ್ಕಡಿಯ ಮೇಲೆ, ಬಂದ ಡಬ್ಬಿಗಳನ್ನು ತೂಗಿ ಎಷ್ಟು ಮುಲಾಮು ಉಳಿದಿದೆ ಎಂದು ಬರೆಯುವುದು ನನ್ನ ಕೆಲಸ. ಕಡಿಮೆ ಉಳಿದಿದ್ದರೆ ಅವರು ಹಚ್ಚಿಕೊಂಡಿದ್ದಾರೆ. ಹೆಚ್ಚು ಉಳಿದಿದ್ದರೆ ಹಚ್ಚಿಕೊಂಡಿಲ್ಲ. ತಕ್ಕಡಿಗೆ ಇದಕ್ಕಿಂತ ಹೆಚ್ಚು ತಿಳಿಯುವುದಿಲ್ಲ, ನನಗೂ ತಿಳಿಯಬೇಕಾಗಿರಲಿಲ್ಲ.

ಡಬ್ಬಿ ಹಂಚುವುದು, ತರುವುದು, ಕಾಲು ನೋಡುವುದು ನರ್ಸಬಾಯಿಯ ಕೆಲಸ. ಅವರು ಸರಕಾರಿ ಕೆಲಸದಿಂದ ನಿವೃತ್ತರಾಗಿದ್ದರು. ಇಜೇರಿಯ ಅರ್ಧ ಊರು ಅವರ ಕೈಯಲ್ಲಿ ಹುಟ್ಟಿದ್ದು. ಮಿಕ್ಕರ್ಧಕ್ಕೆ ಸೂಜಿ ಚುಚ್ಚಿದವರೂ ಅವರೇ. ನಿವೃತ್ತಿಯ ನಂತರವೂ ನೀಲಿ ಅಂಚಿನ ಬಿಳಿ ಸೀರೆ ಬಿಟ್ಟಿರಲಿಲ್ಲ. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಖಾಕಿ ಬಣ್ಣದ ಬಟ್ಟೆಚೀಲ. ಸೀರೆಯ ನೆರಿಗೆ ಎಡಗಡೆ ನೆಲ ಗುಡಿಸುವಂತೆ ಉಟ್ಟುಕೊಳ್ಳುತ್ತಿದ್ದರು. ನಾಲ್ಕು ಜನರ ಎದುರಿಗೆ ನನಗೆ ‘ಸಾಹೇಬ್ರ’ ಎನ್ನುವರು, ಯಾರೂ ಇಲ್ಲದಾಗ ‘ತಮ್ಮಾ’.

ಮೊದಲ ತಿಂಗಳ ಕೊನೆಗೆ ಅವರು ಚೀಲ ತಂದು ಮೇಜಿನ ಮೇಲೆ ಸುರಿದರು. ನಾನು ಮೊದಲ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಬೆಲ್ಲದ ಹೆಂಟೆ.

‘ಏನ್ರಿ ಬಾಯಾರ ಇದು?’

‘ಬೆಲ್ಲ.’

‘ಬೆಲ್ಲ ಅಂತ ಗೊತ್ತದರಿ. ಡಬ್ಬ್ಯಾಗ ಹೆಂಗ ಬಂತು?’

‘ಬೆಲ್ಲಕ್ಕ ಕಾಲ್ ಇಲ್ಲ ತಮ್ಮಾ. ಯಾರೋ ಹಾಕ್ಯಾರ ಅಂತ್ಲೇ ಬಂದದ.’

ಎರಡನೆಯದರಲ್ಲಿ ಪುಟಾಣಿ, ಹುರಿದ ಕಡಲೆ. ಮೂರನೆಯದರಲ್ಲಿ ಒಂದು ಹಿಡಿ ಶೇಂಗಾ. ನಾಲ್ಕನೆಯದರಲ್ಲಿ ಸಕ್ಕರೆ, ಅದಕ್ಕೆ ಆಗಲೇ ಇರುವೆ ಹತ್ತಿತ್ತು. ಡಬ್ಬಿಗಳನ್ನು ತಿಕ್ಕಿ ತೊಳೆದು, ಒಣಗಿಸಿ, ತುಂಬಿ ಕಳಿಸಿದ್ದರು. ನರ್ಸಬಾಯಿ ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡು ನಕ್ಕರು. ನಾನೂ ನಕ್ಕೆ. ನಕ್ಕು, ನನಗೆ ಹೇಳಿದ್ದಂತೆ, ಒಳಗಿದ್ದುದರ ಸಮೇತ ತೂಗಿ ಬರೆದೆ.

ಎರಡು ದಿನಕ್ಕೆ ಶಹರದಿಂದ ಫೋನು ಬಂತು. ಈ ಕೆಲಸದ ಮುಖ್ಯಸ್ಥರಾಗಿದ್ದ ಡಾಕ್ಟರು. ನಾನು ಅವರನ್ನು ನೋಡಿದ್ದು ಒಂದೇ ಸಲ. ಉಳಿದಂತೆ ಅವರೊಂದು ದನಿ.

‘ಏನ್ರೀ ಇದು, ಕೊಟ್ಟಿದ್ದಕ್ಕಿಂತ ವಾಪಸ್ ಬಂದಿದ್ದೇ ಜಾಸ್ತಿ ತೂಗುತ್ತೆ ಅಂತ ಬರ್ದಿದೀರಿ? ನಿಮ್ಮೂರಲ್ಲಿ ಮುಲಾಮು ಮರಿ ಹಾಕುತ್ತಾ?’

‘ಅದರಲ್ಲಿ ಶೇಂಗಾ ಇದ್ವು ಸರ್.’

‘ಡಬ್ಬೀಲಿ ಬೇರೆ ಏನೂ ಹಾಕಬಾರದು ಅಂತ ಕಟ್ಟುನಿಟ್ಟಾಗಿ ಹೇಳಿಬಿಡಿ.’

ಹೇಳಿದೆವು. ಇಜೇರಿಯ ಶಾಲೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದ್ದು ನೆನಪಿದೆ. ಹೇಳಿದವನು ನಾನು ಎಂದು ನನ್ನ ನೆನಪು: ನಿಂತುಕೊಂಡು, ಕೈಯಲ್ಲಿ ಒಂದು ಡಬ್ಬಿ ಎತ್ತಿ ಹಿಡಿದು, ‘ಇದರಾಗ ಬ್ಯಾರೆ ಏನೂ ಹಾಕಬ್ಯಾಡ್ರಿ’ ಎಂದೆ. ಆದರೆ ಆ ತಿಂಗಳ ದಫ್ತರಿನಲ್ಲಿ ‘ನರ್ಸಬಾಯಿ ಸೂಚನೆ ನೀಡಿದರು’ ಎಂದಿತ್ತು, ನನ್ನದೇ ಅಕ್ಷರದಲ್ಲಿ. ಎರಡರಲ್ಲಿ ಒಂದು ಸುಳ್ಳು. ಆ ಹೊತ್ತಿಗೆ ಅದು ಅಷ್ಟು ಮುಖ್ಯವೆನಿಸಿರಲಿಲ್ಲ.

ಎರಡನೆಯ ತಿಂಗಳು ಬೆಲ್ಲ ಬರಲಿಲ್ಲ, ಪುಟಾಣಿ ಬರಲಿಲ್ಲ. ಬದಲಿಗೆ ಒಂದೊಂದು ಡಬ್ಬಿಯಲ್ಲಿಯೂ ಮುಲಾಮು ಉಳಿದು ಬಂತು. ತಳದಲ್ಲಿ ಹತ್ತಿಕೊಂಡಷ್ಟಲ್ಲ, ನಾಲ್ಕನೇ ಒಂದು ಪಾಲು, ಕೆಲವದರಲ್ಲಿ ಇನ್ನೂ ಜಾಸ್ತಿ. ಬೆರಳಿನಿಂದ ಸವರಿ, ಮೇಲ್ಮೈ ಸಪಾಟು ಮಾಡಿ, ಅಂಚು ಒರೆಸಿ ಕೊಟ್ಟಿದ್ದರು. ಮೂರನೆಯ ತಿಂಗಳೂ ಹಾಗೇ.

ಕೆಲಸ ಶುರುವಾಗುವ ಮೊದಲೇ ಬರೆದಿಟ್ಟ ನಿಯಮವೊಂದಿತ್ತು: ಐದನೇ ಒಂದು ಪಾಲಿಗಿಂತ ಹೆಚ್ಚು ಉಳಿದಿದ್ದರೆ ಆ ವ್ಯಕ್ತಿ ಮುಲಾಮು ಹಚ್ಚಿಕೊಂಡಿಲ್ಲ ಎಂದು ಲೆಕ್ಕ. ಹಾಗೆ ಹಚ್ಚಿಕೊಳ್ಳದವರೇ ಹೆಚ್ಚಾದರೆ ಪರೀಕ್ಷೆಯೇ ನಿಲ್ಲುತ್ತದೆ. ಹಚ್ಚಿಕೊಳ್ಳದ ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ಯಾರೂ ಹೇಳಲಾರರಲ್ಲ. ನಿಯಮದಲ್ಲಿ ತಪ್ಪು ಹುಡುಕಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಸಿಕ್ಕಿಲ್ಲ.

ನಾನು ಇಜೇರಿಗೆ ಹೋದೆ. ನರ್ಸಬಾಯಿ ನನ್ನನ್ನು ಒಬ್ಬ ಮುದುಕಿಯ ಮನೆಗೆ ಕರೆದೊಯ್ದರು. ಆಕೆಯ ಬಲಗಾಲು ಮೊಣಕಾಲಿನ ಕೆಳಗೆ ಮರದ ಬೊಡ್ಡೆಯಂತಿತ್ತು. ಆದರೆ ಬೆರಳ ಸಂದಿಗಳು ಒಣಗಿ, ಚರ್ಮ ಹೊಸದಾಗಿ ತೆಳ್ಳಗೆ ಕೂಡಿಕೊಂಡಿತ್ತು. ಎರಡು ತಿಂಗಳಿಂದ ಜ್ವರ ಬಂದಿಲ್ಲ ಎಂದಳು.

‘ಮತ್ತ ಮುಲಾಮು ಯಾಕ ಉಳದದ ಆಯಿ? ದಿನಾ ಹಚ್ಚಂಗಿಲ್ಲೇನು?’

‘ಹಚ್ಚತೇನಿ ಯಪ್ಪಾ, ಮುಂಜಾನಿಗೊಮ್ಮಿ ಸಂಜಿಗೊಮ್ಮಿ. ಜರಾ ಜರಾ ಹಚ್ಚತೇನಿ, ಉಳಿಬೇಕಲ್ಲ.’

‘ಯಾಕ ಉಳಿಬೇಕು?’

ಮುದುಕಿ ನರ್ಸಬಾಯಿಯ ಮುಖ ನೋಡಿದಳು. ‘ಈ ಹುಡುಗ ಯಾವೂರವ ಬೇ?’

‘ನರೋಣಾದಂವ’ ಎಂದರು ನರ್ಸಬಾಯಿ.

‘ನರೋಣಾದಾಗ ಮಂದಿ ಖಾಲಿ ಡಬ್ಬಿ ತಿರುಗಿ ಕೊಡ್ತಾರೇನು? ಕೊಟ್ಟವರ ಮನಿಗಿ ಬರೇ ಡಬ್ಬಿ ಹೆಂಗ ಕಳಸೂದು, ಅವರ ಮನಿ ಬರಿದಾಗಲಿ ಅಂತೇನು? ಬೆಲ್ಲ ಹಾಕಿದ್ರ ಬ್ಯಾಡಂದ್ರಿ. ಬ್ಯಾರೆ ಏನೂ ಹಾಕಬ್ಯಾಡ್ರಿ ಅಂದ್ರಿ. ಮತ್ತ ಅದನ್ನ ಉಳಿಸೀವಿ.’

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಚೆಂದದ ಕತೆ. ಇಷ್ಟು ವರ್ಷ ಇದನ್ನು ಇಲ್ಲಿಗೇ ನಿಲ್ಲಿಸಿ ಎಷ್ಟೋ ಜನರಿಗೆ ಹೇಳಿದ್ದೇನೆ, ಎಲ್ಲರೂ ನಕ್ಕಿದ್ದಾರೆ. ನರೋಣಾದಲ್ಲಿ ನಮ್ಮವ್ವ ಪಕ್ಕದ ಮನೆಯ ಬಟ್ಟಲನ್ನು ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕದೆ ಎಂದೂ ಮರಳಿಸಿದವಳಲ್ಲ. ಆ ಬಟ್ಟಲುಗಳನ್ನು ಒಯ್ದು ಕೊಟ್ಟವನು ನಾನೇ. ಅಂಥವನು ಮೂರು ತಿಂಗಳು ಆ ಡಬ್ಬಿಗಳನ್ನು ತೂಗಿದೆ, ಏನೂ ಹೊಳೆಯಲಿಲ್ಲ. ಬೆಲ್ಲ ಕಂಡಾಗ ನಕ್ಕೆ. ಯಾಕೆ ಹೊಳೆಯಲಿಲ್ಲ... ಡಬ್ಬಿಯ ಮೇಲೆ ಅಂಕಿ ಇತ್ತು, ಅದಕ್ಕಿರಬಹುದು. ಅಂಕಿ ಹಚ್ಚಿದ ಮೇಲೆ ಅದು ಯಾರ ಮನೆಯ ಪಾತ್ರೆಯೂ ಆಗಿ ಉಳಿದಿರಲಿಲ್ಲ.

ಆದರೆ ಎಲ್ಲರೂ ಅದೇ ಕಾರಣಕ್ಕೆ ಉಳಿಸಿದ್ದರೇ? ಆ ದಿನ ನಾನು ಇನ್ನೂ ಕೆಲವು ಮನೆಗೆ ಹೋಗಿದ್ದೆ. ಒಬ್ಬಾಕೆ, ಹಚ್ಚಿದರೆ ಉರಿಯುತ್ತದೆ, ಅದಕ್ಕೇ ಕಡಿಮೆ ಹಚ್ಚಿದೆ ಎಂದಳು. ಇನ್ನೊಬ್ಬನಿಗೆ ವಾಸನೆ ಒಗ್ಗಲಿಲ್ಲ. ಮತ್ತೊಬ್ಬಳು ಅರ್ಧ ಮುಲಾಮನ್ನು ಗಂಡನ ಒಡೆದ ಹಿಮ್ಮಡಿಗೆ ಹಚ್ಚಿ, ಮುಂದೆ ಸಾಲದೇ ಹೋದೀತೆಂದು ಉಳಿದರ್ಧವನ್ನು ಮುಟ್ಟದೇ ಇಟ್ಟಿದ್ದಳು. ಕತೆ ಹೇಳುವಾಗ ಇವರನ್ನೆಲ್ಲ ಬಿಟ್ಟೇ ಹೇಳುತ್ತ ಬಂದೆ. ಮರ್ಯಾದೆಗೆ ಉಳಿಸಿದವರು ಎಷ್ಟು ಜನ, ಬೇಡವಾಗಿ ಉಳಿಸಿದವರು ಎಷ್ಟು ಜನ, ನನಗೆ ಗೊತ್ತಿಲ್ಲ. ತಕ್ಕಡಿಗೂ ಗೊತ್ತಿರಲಿಲ್ಲ.

ಡಾಕ್ಟರಿಗೆ ಫೋನು ಮಾಡಿ ಮುದುಕಿಯ ಮಾತು ಹೇಳಿದೆ. ಅವರು ಕೇಳಿಸಿಕೊಂಡರು, ಅವರು ಒರಟು ಮನುಷ್ಯರಲ್ಲ.

‘ಷರಾ ಕಾಲಮ್ಮಿನಲ್ಲಿ ಬರೆದಿಡಿ’ ಎಂದರು.

‘ಬರೆದರೆ ಲೆಕ್ಕಕ್ಕೆ ಬರ್ತದಾ ಸರ್?’

‘ಷರಾ ಲೆಕ್ಕಕ್ಕೆ ಬರಲ್ಲ. ತೂಕ ಮಾತ್ರ. ಇನ್ನೊಂದು ತಿಂಗಳು ನೋಡೋಣ. ಪೂರಾ ಹಚ್ಚಿ ಖಾಲಿ ಡಬ್ಬಿ ಕೊಡೋಕೆ ಹೇಳಿ. ಈ ಸಲವೂ ಹೀಗೇ ಬಂದರೆ ನನ್ನ ಕೈಲಿ ಏನೂ ಇಲ್ಲ.’

ನರ್ಸಬಾಯಿ ಮನೆಮನೆಗೆ ಹೋಗಿ ಹೇಳಿದರು. ಎಲ್ಲರೂ ಹೂಂ ಅಂದರಂತೆ. ‘ಹೂಂ ಅಂದಾರ, ಖರೆ. ಆದ್ರ ಕೊಡೂ ಹೊತ್ತಿಗಿ ಕೈ ಬರಂಗಿಲ್ಲ ತಮ್ಮಾ ಅವರಿಗಿ’ ಎಂದು ನನಗೆ ಹೇಳಿದ್ದು ಜೇವರ್ಗಿಯ ಕೋಣೆಯಲ್ಲಿ, ಮಧ್ಯಾಹ್ನ, ಫ್ಯಾನು ನಿಂತಿತ್ತು. ಅವರು ಬಾಗಿಲನ್ನು ಅರ್ಧ ಮುಂದೆ ಮಾಡಿದರು. ಕುರ್ಚಿಯ ಮೇಲೆ ಕೂತು ಸೀರೆಯ ನೆರಿಗೆಯನ್ನು ಎಡಗಡೆ ಒಂದು ಗೇಣು ಎತ್ತಿದರು.

ನಾನು ಏನು ನೋಡಿದೆನೋ ಅದನ್ನು ಇಷ್ಟು ದಿನದಲ್ಲಿ ಬೇಕಾದಷ್ಟು ತಿದ್ದಿಬಿಟ್ಟಿದ್ದೇನೆ ಅನಿಸುತ್ತದೆ. ಪಾದ ಊದಿತ್ತು. ಹಿಮ್ಮಡಿ ಕಾಣುತ್ತಿರಲಿಲ್ಲ. ಬೆರಳ ಸಂದಿಗಳಲ್ಲಿ ಕೆಂಪು.

‘ಮೂವತ್ತೊರಸ ಮಂದಿ ಕಾಲ ನೋಡೇನಿ. ನಂದು ಯಾರಿಗೂ ತೋರಿಸಿಲ್ಲ. ಇಂಥ ಕಾಲಿನಾಕಿನ್ನ ಬಾಣಂತಿ ಕ್ವಾಣಿಗಿ ಯಾರ್ ಕರೀತಾರ, ಹೇಳು.’

‘ಹೆಸರು ಹಚ್ಚಬಹುದಿತ್ತಲ್ರಿ, ನಿಮಗೂ ಡಬ್ಬಿ ಸಿಗ್ತಿತ್ತು...’

‘ಕೆಲಸ ಮಾಡವ್ರು ಹೆಸರ ಹಚ್ಚಂಗಿಲ್ಲ ಅಂತ ನೀನೇ ಓದಿ ಹೇಳಿದ್ಯಲ್ಲ.’

ಹೌದು, ನಾನೇ ಓದಿ ಹೇಳಿದ್ದೆ. ಅದೂ ನಿಯಮ.

‘ಇದು ದವಾಖಾನಿಗಿ ಬರಬೇಕು ತಮ್ಮಾ. ಬಂದ್ರ ನಾ ಎಲ್ಲರ ಹಂಗ ಸಾಲಿಗಿ ನಿಂತು ತಗೋತೇನಿ. ಅದಕ್ಕ ಹೇಳಾಕತ್ತೇನಿ, ಕೇಳು. ಈ ಸಲ ಡಬ್ಬಿ ಬಂದ ಮ್ಯಾಲ ನಾ ಒಂದೊಂದು ಬಳದು, ಬಟ್ಟಿಲೆ ಒರಸಿ, ಬರೋಬರಿ ಖಾಲಿ ಮಾಡಿ ಕೊಡ್ತೇನಿ. ಆಮ್ಯಾಲ ತೂಗು.’

ಅವರು ಕಾಲನ್ನು ಮುಚ್ಚಿಕೊಂಡರು. ಬಳಿದದ್ದನ್ನು ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

‘ಅದು ಸುಳ್ಳಾಗ್ತದರಿ ಬಾಯಾರ.’

‘ಈಗ ನೀ ಬರ್ಯೂದು ಖರೆ ಏನು? ಹಚ್ಚಿದವರಿಗಿ ಹಚ್ಚಿಲ್ಲ ಅಂತ ಬರ್ಯಾಕತ್ತೀಯಲ್ಲ.’

ಆದರೂ ಆಗುವುದಿಲ್ಲ ಎಂದೆ. ಆಗ ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ; ಆಗುವುದಿಲ್ಲ ಎನ್ನುವಾಗ ಎದೆ ಸ್ವಲ್ಪ ಉಬ್ಬಿತ್ತು ಎಂಬುದೂ ನೆನಪಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ‘ಆತು ಬಿಡು, ಬಸ್ ತಪ್ಪತದ’ ಎಂದು ಹೊರಟರು. ಮೆಟ್ಟಿಲಿಳಿಯುವಾಗ ಎಡಗಾಲನ್ನು ಮೊದಲು ಇಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಎಡಗಾಲು. ಎಷ್ಟೋ ಸಲ ಅವರು ಆ ಮೆಟ್ಟಿಲಿಳಿದದ್ದನ್ನು ನೋಡಿದ್ದೆ. ಹಾಗೆ ಇಳಿಯುತ್ತಾರೆಂದು ನೋಡಿರಲಿಲ್ಲ.

ನಾಲ್ಕನೆಯ ತಿಂಗಳ ಡಬ್ಬಿಗಳು ಬಂದವು. ಎಲ್ಲವೂ ಖಾಲಿ. ಒಂದೊಂದೂ ಲಕಲಕ. ಗಂಟಲಿನ ಸುತ್ತಿನಲ್ಲಿಯೂ ಮುಲಾಮಿನ ಎಳೆಯಿಲ್ಲ.

‘ಮಂದಿಗಿ ತಿಳೀತು ಸಾಹೇಬ್ರ. ಈ ಸಲ ಖಾಲಿ ಕೊಟ್ಟಾರ’ ಎಂದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆದರೂ ಸಾಹೇಬ್ರ ಎಂದರು.

ಮಂದಿಗೆ ನಿಜಕ್ಕೂ ತಿಳಿದಿರಬಹುದು. ನರ್ಸಬಾಯಿ ಗದರಿದರೆ ಕೇಳದವರು ಇಜೇರಿಯಲ್ಲಿ ಕಡಿಮೆ. ಮನೆಯಲ್ಲಿಯೇ ಒರೆಸಿ ಕೊಟ್ಟಿರಬಹುದು. ಮೊದಲ ತಿಂಗಳು ತೊಳೆದು ಕೊಟ್ಟವರಲ್ಲವೇ ಅವರು. ಒಂದು ಡಬ್ಬಿಯ ಒಳಗೆ ಬಟ್ಟೆಯ ಎಳೆಯೊಂದು ಅಂಟಿತ್ತು. ಅದು ನೀಲಿಯಾಗಿತ್ತು ಎಂದು ನನಗೆ ಈಗ ಕಾಣುತ್ತದೆ. ಆಗಲೂ ಕಂಡಿತ್ತೇ? ನೀಲಿ ಅಂಚಿನ ಸೀರೆ ನೆನಪಾದ ಮೇಲೆ ಎಳೆಗೆ ಆ ಬಣ್ಣ ಬಂತೇ? ಇಜೇರಿಯಲ್ಲಿ ನೀಲಿ ಬಟ್ಟೆ ಬೇರೆ ಯಾರ ಮನೆಯಲ್ಲಿಯೂ ಇರಲಿಲ್ಲವೇ...

ತೂಗಿದೆ. ಸೊನ್ನೆ, ಸೊನ್ನೆ, ಸೊನ್ನೆ ಎಂದು ಬರೆದೆ. ಪುಟದ ಕೊನೆಗೆ ಬಂದಾಗ ಷರಾ ಕಾಲಂ ಖಾಲಿ ಇತ್ತು. ಅದನ್ನೂ ಖಾಲಿ ಬಿಡಬಹುದಿತ್ತು. ನಾನು ಬರೆದೆ: ‘ಡಬ್ಬಿಗಳು ಒರೆಸಿದಂತೆ ಕಾಣುತ್ತವೆ.’

ಯಾಕೆ ಬರೆದೆನೆಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಕಂಡದ್ದನ್ನು ಬರೆಯುವುದು ನನ್ನ ಕೆಲಸವಾಗಿತ್ತು, ಅದಕ್ಕೆ. ಮುಂದೆ ಯಾರಾದರೂ ಕಂಡುಹಿಡಿದರೆ ನನ್ನ ತಲೆಗೆ ಬರಬಾರದು ಎಂದು, ಅದಕ್ಕೆ. ಬೇಡವೆಂದು ಹೇಳಿದ ಮೇಲೂ ಅವರು ಮಾಡಿದರಲ್ಲ ಎಂಬ ಸಿಟ್ಟು, ಅದಕ್ಕೆ. ಷರಾ ಹೇಗೂ ಲೆಕ್ಕಕ್ಕೆ ಬರುವುದಿಲ್ಲವಲ್ಲ ಎಂದೂ ಇರಬಹುದು. ಒಂದೊಂದು ದಿನ ಒಂದೊಂದು ಕಾರಣ ಮುಂದೆ ಬಂದು ನಿಲ್ಲುತ್ತದೆ. ಎಲ್ಲವೂ ನನ್ನ ದನಿಯಲ್ಲೇ ಮಾತಾಡುತ್ತವೆ.

ಆ ಷರಾ ಲೆಕ್ಕಕ್ಕೆ ಬಂತು. ‘ಬರೆದದ್ದು ಒಳ್ಳೇದಾಯ್ತು, ಇಲ್ಲದಿದ್ದರೆ ಆಮೇಲೆ ನಮಗೇ ಕಷ್ಟವಾಗ್ತಿತ್ತು’ ಎಂದರು ಡಾಕ್ಟರು. ಇಜೇರಿಯ ತೂಕಗಳನ್ನು ನಂಬುವಂತಿಲ್ಲ ಎಂದು ಊರಿಗೆ ಊರನ್ನೇ ಪಟ್ಟಿಯಿಂದ ತೆಗೆದರು. ಇಜೇರಿ ಹೋದ ಮೇಲೆ ಉಳಿದ ಕಾಲುಗಳು ಸಾಲಲಿಲ್ಲ. ಮುಂದಿನ ತಿಂಗಳು ಕೆಲಸ ನಿಂತಿತು. ಮುಲಾಮು ಸೋತಿತೆಂದು ಯಾರೂ ಹೇಳಲಿಲ್ಲ; ಗೆದ್ದಿತೆಂದೂ ಹೇಳಲಿಲ್ಲ. ಅದು ತನ್ನ ಗಾಜಿನ ತಟ್ಟೆಗೆ ಮರಳಿರಬೇಕು. ಯಾವ ಡಬ್ಬಿಯಲ್ಲಿ ಮುಲಾಮಿತ್ತು, ಯಾವುದರಲ್ಲಿ ಬರೀ ಮೇಣವಿತ್ತು ಎಂದು ನಾನು ಕೊನೆಗೆ ಕೇಳಿದೆ. ಹೇಳುವಂತಿರಲಿಲ್ಲವಂತೆ. ಆ ಮುದುಕಿಯ ಸಂದಿಗಳನ್ನು ಮಾಯಿಸಿದ್ದು ಔಷಧಿಯೋ, ಹಚ್ಚುವ ಮುಂಚೆ ದಿನಾ ಎರಡು ಹೊತ್ತು ಕಾಲು ತೊಳೆದು ಒರೆಸಿಕೊಂಡದ್ದೋ ಎಂದೂ ತಿಳಿಯಲಿಲ್ಲ. ನರ್ಸಬಾಯಿ ಡಬ್ಬಿಗಳಿಂದ ಬಳಿದು ತೆಗೆದಿದ್ದರೆ, ಅದನ್ನು ತಮ್ಮ ಕಾಲಿಗೆ ಹಚ್ಚಿಕೊಂಡಿದ್ದರೆ, ಅವರು ಹಚ್ಚಿಕೊಂಡದ್ದು ಏನು ಎಂಬುದೂ...

ಕೋಣೆ ಖಾಲಿ ಮಾಡುವ ದಿನ ಅವರು ದಫ್ತರುಗಳನ್ನೂ ಖಾಕಿ ಚೀಲವನ್ನೂ ಒಪ್ಪಿಸಲು ಬಂದರು. ಯಾಕೆ ನಿಲ್ಲಿಸಿದರಂತೆ ಎಂದು ಕೇಳಿದರು. ತೂಕ ಸರಿಹೋಗಲಿಲ್ಲವಂತೆ ಎಂದೆ.

‘ಕೊನೀ ಸಲ ಬರೋಬರಿ ಇತ್ತಲ್ಲ.’

‘ಇತ್ತರಿ.’

‘ನೀ ಏನೂ ಬರದಿಲ್ಲಲ್ಲ ತಮ್ಮಾ?’

‘ಇಲ್ಲರಿ’ ಎಂದೆ.

ಈ ಲೇಖನದಲ್ಲಿ ಅನುಮಾನವಿಲ್ಲದೆ ಬರೆಯಬಲ್ಲ ಮಾತು ಇದೊಂದೇ. ಅವರು ಕೇಳಿದರು, ನಾನು ಇಲ್ಲವೆಂದೆ.

ಅವರು ತಲೆಯಾಡಿಸಿ, ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದು ನನ್ನ ಕೈಗಿಟ್ಟರು. ‘ಒಂದು ಉಳದಿತ್ತು. ಇದನ್ನ ತೂಗಬ್ಯಾಡ ಮತ್ತ’ ಎಂದು ನಕ್ಕರು. ಡಬ್ಬಿ ಖಾಲಿ ಇರಲಿಲ್ಲ. ಒಳಗೆ ಏನಿತ್ತು? ಸಕ್ಕರೆ ಇತ್ತು ಎಂದು ಬಹಳ ದಿನ ನಂಬಿದ್ದೆ. ಕಳೆದ ಬೇಸಿಗೆಯಲ್ಲಿ ಆ ವಾಸನೆ ಬಂದ ಮೇಲೆ ಆ ನಂಬಿಕೆ ಅಲುಗಾಡಿತು. ತೊಳೆದು ಸಕ್ಕರೆ ತುಂಬಿದ ಡಬ್ಬಿ ಇಷ್ಟು ವರ್ಷ ಹೀಗೆ ನಾರುತ್ತದೆಯೇ? ನಾನದನ್ನು ನರೋಣಾದಲ್ಲಿ ಅವ್ವನ ಕೈಗೆ ಕೊಟ್ಟೆ. ಅವಳು ಒಳಗಿದ್ದುದನ್ನು ಏನು ಮಾಡಿದಳೋ, ಯಾವಾಗ ಲವಂಗ ತುಂಬಿದಳೋ. ಕೇಳೋಣವೆಂದರೆ ಅವಳೂ ಇಲ್ಲ.

ವಾಸನೆ ಬಂದ ಮರುವಾರ ಲವಂಗವನ್ನು ಬೇರೆ ಡಬ್ಬಿಗೆ ಸುರಿದು, ಇದರಲ್ಲಿ ಕಲ್ಲುಸಕ್ಕರೆ ತುಂಬಿಕೊಂಡು ಇಜೇರಿಗೆ ಹೊರಟೆ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಕೂಡಿಸಿಕೊಂಡೆ: ಬಾಯಾರ, ನಾ ಬರದಿದ್ದೆ. ಇಷ್ಟೇ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಿಗೆ ಬಂದವರು ಸೊಸೆ.

‘ಅತ್ತಿಯೋರು ಹೋಗಿ ನಾಕೊರಸಾತರಿ’ ಎಂದರು.

‘ಏನಾಗಿತ್ತರಿ?’

‘ಜ್ವರರಿ. ಆಗಾಗ ಬರ್ತಿತ್ತು, ಎರಡ್ ದಿನ ಇದ್ದು ಹೋಗ್ತಿತ್ತು. ಒಮ್ಮಿ ಬಂದದ್ದು ಹೋಗಲಿಲ್ಲ.’

ಒಳಗೆ ಕೂಡಿಸಿ ಚಹಾ ತಂದಿಟ್ಟರು. ನಾನು ಕಾಲಿನ ಬಗ್ಗೆ ಕೇಳಿದೆ. ಅವರು ನನ್ನನ್ನು ನೇರವಾಗಿ ನೋಡಿ, ‘ಕಾಲಿಗಿ ಏನಾಗಿತ್ತರಿ? ಏನೂ ಆಗಿರಲಿಲ್ಲ’ ಎಂದರು. ಅತ್ತೆ ಲಿಂಗೈಕ್ಯರಾದಾಗ ಮೈತೊಳೆದ ಕೈ ಇವರದೇ ಇರಬೇಕು, ಗೊತ್ತಿಲ್ಲದಿರಲು ಸಾಧ್ಯವಿಲ್ಲ. ಅತ್ತೆ ಮುಚ್ಚಿಟ್ಟದ್ದನ್ನು ಸೊಸೆಯೂ ಮುಚ್ಚಿಡುತ್ತಿದ್ದರೋ, ಅಥವಾ ಆ ಕಾಲು ನಿಜಕ್ಕೂ ಮಾಯ್ದಿತ್ತೋ, ಅಥವಾ ನಾನು ಆ ಮಧ್ಯಾಹ್ನ ನೋಡಿದ್ದೇ... ಹಾಗಾದರೆ ಆ ಜ್ವರ ಎಲ್ಲಿಂದ ಬಂತು? ಮುಲಾಮು ನಿಲ್ಲಿಸಬೇಕಿದ್ದ ಜ್ವರವೇ ಅದು? ಯಾವ ಕಡೆಯಿಂದ ಹಿಡಿದರೂ ಇನ್ನೊಂದು ತುದಿ ಕೈಗೆ ಬರುತ್ತಿರಲಿಲ್ಲ.

‘ನಾ ಅವರ ಜೋಡಿ ಕೆಲಸ ಮಾಡ್ತಿದ್ದೆ. ಒಂದು ಮಾತು ಬರದಿದ್ದೆ ಆವಾಗ...’ ಎಂದು ಶುರುಮಾಡಿದೆ.

‘ಚಹಾ ಆರ್ತದರಿ, ಕುಡೀರಿ’ ಎಂದರು ಅವರು.

ಡಬ್ಬಿಯನ್ನು ಮುಂದಿಟ್ಟೆ. ಅವರು ಕಲ್ಲುಸಕ್ಕರೆಯನ್ನು ತಾಟಿಗೆ ಸುರಿದು, ಡಬ್ಬಿಯನ್ನು ತೊಳೆದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಒಳಗೆಲ್ಲ ಒರೆಸಿದರು. ತಳ, ಸುತ್ತು, ಗಂಟಲು. ಬಹಳ ನಿಧಾನವಾಗಿ. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಒಳಗೆ ಹೋಗಿ ಬಂದಾಗ ಡಬ್ಬಿಯಲ್ಲಿ ಶೇಂಗಾ ಇದ್ದವು.

‘ಬ್ಯಾಡರಿ. ಖಾಲಿ ಕೊಡ್ರಿ’ ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತು.

‘ಖಾಲಿ ಹೆಂಗ ಕೊಡೂದರಿ?’ ಎಂದರು ಅವರು.

ಡಬ್ಬಿ ಈಗ ಮತ್ತೆ ಗೂಡಿನಲ್ಲಿದೆ. ಶೇಂಗಾ ಮುಗಿದರೆ ಅದು ಖಾಲಿಯಾಗುತ್ತದೆ; ಖಾಲಿಯಾದರೆ ತುಂಬಿಕೊಂಡು ಮತ್ತೆ ಇಜೇರಿಗೆ ಹೋಗಬೇಕು; ಹೋಗಿ ಆ ಮಾತನ್ನು, ಕೇಳಬೇಕಾದವರು ಇಲ್ಲದ ಆ ಮನೆಯಲ್ಲಿ, ಪೂರ್ತಿ ಹೇಳಬೇಕು. ವಾರಕ್ಕೆ ನಾಲ್ಕು ಕಾಳು ತಿನ್ನುತ್ತಿದ್ದೆ. ಮೊನ್ನೆ ಹೆಂಡತಿ, ಇದನ್ನು ಯಾಕೆ ಮುಗಿಸಬಾರದು, ಮುಗ್ಗು ಹಿಡಿಯುತ್ತದೆ ಎಂದಳು. ಮುಚ್ಚಳ ತೆಗೆದು ನೋಡಿದೆ. ನಾಲ್ಕನೇ ಒಂದು ಪಾಲು ಉಳಿದಿತ್ತು. ಬೆರಳಿನಿಂದ ಸಪಾಟು ಮಾಡಿ, ಮುಚ್ಚಿ ಇಟ್ಟೆ.